ತೆಂಗಿನ ಹಲಗೆ ಕೊಯ್ಯಲು ಕೈ ಚಕ್ರಗರಗಸ: ವಹಿಸಬೇಕಾದ ಎಚ್ಚರಿಕೆಗಳು

ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ಹಾಗಲವಾಡಿ ಹೋಬಳಿಯು ತೆಂಗಿನ ಸೀಮೆಗೆ ಸೇರಿದ ಪ್ರದೇಶ. ವಯಸ್ಸಾಗಿ ಇಳುವರಿ ಇಳಿದ ಮರ, ಬರಗಾಲದಲ್ಲಿ ಸುಳಿ ಒಣಗಿದ ಮರ, ಅಣಬೆ ರೋಗಕ್ಕೆ ತುತ್ತಾದ ಮರ, ಇವುಗಳನ್ನೆಲ್ಲ ಕಡಿದು ಸೌದೆಗೆ ಹಾಕುವ ಬದಲು ಸಾಮಿಲ್ಲಿನಲ್ಲಿ ಹಲಗೆ ಸೀಳಿಸಿಕೊಂಡರೆ ದನದ ಕೊಟ್ಟಿಗೆಯ ಜಂತೆ, ಹೆಂಚಿನ ಕೆಳಗಿನ ರಿಪೀಸು, ಮೇಕೆ ದೊಡ್ಡಿಯ ಅಟ್ಟಣೆ ಮೊದಲಾದವುಗಳಿಗೆ ಹೊರಗಿನಿಂದ ಮರ ಕೊಳ್ಳುವ ಖರ್ಚು ಉಳಿಯುತ್ತದೆ. ಸಾಮಿಲ್ಲಿನಿಂದ ಬಂದ ಹಲಗೆಯನ್ನು ಅಳತೆಗೆ ತಕ್ಕಂತೆ ಕೊಯ್ಯುವ ಕೆಲಸವನ್ನು ಹಿಂದೆ ಊರಿನ ಆಚಾರಿಯು ಕೈಗರಗಸದಿಂದ ಮಾಡುತ್ತಿದ್ದನು. ಇಂದು ಅದೇ ಕೆಲಸವನ್ನು ರೈತರೇ ವಿದ್ಯುತ್ತಿನ ಕೈ ಚಕ್ರಗರಗಸದಿಂದ ಸ್ವಲ್ಪ ಹೊತ್ತಿನಲ್ಲಿ ಮುಗಿಸುತ್ತಿದ್ದಾರೆ. ಕೆಲಸವೇನೋ ಬೇಗ ಆಗುತ್ತದೆ. ಆದರೆ ಕೈಗರಗಸದ ಅಭ್ಯಾಸಗಳನ್ನೇ ಈ ಯಂತ್ರಕ್ಕೂ ಒಯ್ದಾಗ ಬೆರಳು, ಪಾದ, ತೊಡೆಗಳಿಗೆ ಅಪಾಯ ಕಾದಿರುತ್ತದೆ.

ಈ ಯಂತ್ರದ ಹುಟ್ಟಿಗೂ ಹೊಲಕ್ಕೂ ನಂಟಿದೆ ಎಂಬುದು ಕುತೂಹಲದ ಸಂಗತಿ. ಅಮೆರಿಕದ ಲೂಸಿಯಾನ ಪ್ರಾಂತದಲ್ಲಿ ಕೂಲಿಯಾಳುಗಳು ಮಚ್ಚಿನಿಂದ ಕಬ್ಬು ಕಡಿಯುವುದನ್ನು ಕಂಡ ಎಡ್ಮಂಡ್ ಮೈಕೆಲ್ ಎಂಬಾತನು, 1920ರ ದಶಕದಲ್ಲಿ, ಮೋಟಾರು ಜೋಡಿಸಿದ ಕೈಯಲ್ಲಿ ಹಿಡಿಯುವ ಗರಗಸವನ್ನು ರೂಪಿಸಿದನು. ಅದು ಕಬ್ಬಿನ ಗದ್ದೆಗಿಂತ ಬಡಗಿಯ ಕೈಯಲ್ಲಿ ಹೆಚ್ಚು ಬಳಕೆಗೆ ಬಂತು.

ಸಾಮಾನ್ಯವಾಗಿ ದೊರೆಯುವ 7 ಅಂಗುಲದ ಗರಗಸದ ಬ್ಲೇಡು ನಿಮಿಷಕ್ಕೆ ಸುಮಾರು 5,000 ಸುತ್ತು ತಿರುಗುತ್ತದೆ. ಎಂದರೆ ಅದರ ಹಲ್ಲಿನ ತುದಿ ಒಂದು ಸೆಕೆಂಡಿಗೆ 45 ಮೀಟರಿಗಿಂತಲೂ ಹೆಚ್ಚು ದೂರ ಓಡುತ್ತದೆ. ಸ್ವಿಚ್ಚು ಬಿಟ್ಟ ಮೇಲೂ ಬ್ಲೇಡು ಕೆಲವು ಸೆಕೆಂಡು ತಿರುಗುತ್ತಲೇ ಇರುತ್ತದೆ. ಆದುದರಿಂದಲೇ ಇದಕ್ಕೆ ಎರಡು ಕವಚಗಳಿವೆ. ಮೇಲಿನದು ಸ್ಥಿರ. ಕೆಳಗಿನದು ಸ್ಪ್ರಿಂಗಿನ ಕವಚ. ಹಲಗೆಯೊಳಗೆ ಬ್ಲೇಡು ನುಗ್ಗಿದಂತೆ ಹಿಂದೆ ಸರಿದು, ಹೊರಬಂದ ಕೂಡಲೇ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಇಡೀ ಯಂತ್ರದಲ್ಲಿ ಮನುಷ್ಯನ ಕೈಕಾಲು ಕಾಯುವ ಭಾಗವೆಂದರೆ ಮುಖ್ಯವಾಗಿ ಇದೊಂದೇ. ಗೆರೆ ಸರಿಯಾಗಿ ಕಾಣುವುದಿಲ್ಲವೆಂದೋ, ಹಲಗೆಯ ಅಂಚಿಗೆ ತಗಲುತ್ತದೆಂದೋ ಇದನ್ನು ತಂತಿಯಿಂದ ಮೇಲಕ್ಕೆ ಕಟ್ಟಿಬಿಡುವುದು, ಸಂದಿಗೆ ಚಕ್ಕೆ ತುರುಕುವುದು ಅಲ್ಲಲ್ಲಿ ಕಂಡುಬರುವ ಪದ್ಧತಿ. ಇದನ್ನು ಯಾವ ಕಾರಣಕ್ಕೂ ಮಾಡಕೂಡದು. ಹಸಿ ತೆಂಗಿನ ಒದ್ದೆ ಪುಡಿ ಈ ಕವಚದ ಸಂದಿನಲ್ಲಿ ಮೆತ್ತಿಕೊಂಡು ಅದು ಅರ್ಧಕ್ಕೇ ನಿಲ್ಲುವುದೂ ಉಂಟು. ಕೆಲಸಕ್ಕೆ ಮುಂಚೆ ಪ್ಲಗ್ಗು ಕಿತ್ತು, ಕವಚವನ್ನು ಕೈಯಿಂದ ಹಿಂದಕ್ಕೆ ಸರಿಸಿ ಬಿಟ್ಟರೆ ಅದು ಟಪ್ಪೆಂದು ಮುಚ್ಚಬೇಕು. ನಿಧಾನವಾಗಿ ಮುಚ್ಚಿದರೆ ಪುಡಿಯನ್ನು ಬ್ರಷ್ಷಿನಿಂದ ತೆಗೆಯಬೇಕು. ಆಗಲೂ ಸರಿಹೋಗದಿದ್ದರೆ ಸ್ಪ್ರಿಂಗ್ ಬದಲಿಸುವವರೆಗೆ ಯಂತ್ರವನ್ನು ಮುಟ್ಟದಿರುವುದೇ ಲೇಸು.

ಇದಕ್ಕಿಂತಲೂ ದೊಡ್ಡ ಅಪಾಯ ಇನ್ನೊಂದಿದೆ. ಹಳ್ಳಿಗಳಲ್ಲಿ ಹಲವರು ಮರ ಕೊಯ್ಯಲು ನಿಜವಾದ ಚಕ್ರಗರಗಸವನ್ನೇ ಬಳಸುವುದಿಲ್ಲ. ಕಲ್ಲು ಕೊಯ್ಯುವ ಮಾರ್ಬಲ್ ಕಟರಿಗೆ ಇಲ್ಲವೆ ಕಬ್ಬಿಣ ತಿಕ್ಕುವ ಗ್ರೈಂಡರಿಗೆ ಹಲ್ಲಿರುವ ಮರದ ಬ್ಲೇಡು ತೊಡಿಸಿ ಕೆಲಸ ಮಾಡುತ್ತಾರೆ. ಬೆಲೆ ಕಡಿಮೆ, ಹಗುರ, ಮನೆಯಲ್ಲಿ ಈಗಾಗಲೇ ಇದೆ ಎಂಬುದು ಕಾರಣ. ಈ ಯಂತ್ರಗಳು ನಿಮಿಷಕ್ಕೆ 11,000-12,000 ಸುತ್ತುಗಳ ಆಸುಪಾಸಿನಲ್ಲಿ ತಿರುಗುತ್ತವೆ. ಕಲ್ಲಿನ ಬಿಲ್ಲೆಗೆ ಹಲ್ಲುಗಳಿಲ್ಲ, ಅದು ಉಜ್ಜುತ್ತದೆಯೇ ಹೊರತು ಕಚ್ಚುವುದಿಲ್ಲ. ಹಾಗಾಗಿ ಅವುಗಳಿಗೆ ಮುಚ್ಚಿಕೊಳ್ಳುವ ಕೆಳಕವಚವನ್ನು ಇಟ್ಟಿಲ್ಲ. ಹಲ್ಲಿನ ಬ್ಲೇಡು ಮರವನ್ನು ಕಚ್ಚಿ ಹಿಡಿದಾಗ ಯಂತ್ರವು ಕೈಯಿಂದ ಜಿಗಿಯುತ್ತದೆ, ಜಿಗಿದ ಬ್ಲೇಡಿಗೆ ಯಾವ ಮುಚ್ಚಳವೂ ಇರುವುದಿಲ್ಲ. ಉಳಿದ ಎಚ್ಚರಿಕೆಗಳನ್ನೆಲ್ಲ ಪಾಲಿಸಿದರೂ ಈ ಕೊರತೆ ತುಂಬಲಾರದು. ಹೊಸ ಗರಗಸ ಕೊಳ್ಳಲಾಗದವರು ಕೈಗರಗಸದಲ್ಲೇ ಕೊಯ್ಯಲಿ, ಅಥವಾ ಸಾಮಿಲ್ಲಿನಲ್ಲಿಯೇ ಅಳತೆ ಹೇಳಿ ರಿಪೀಸು ತೆಗೆಸಿಕೊಳ್ಳಲಿ. ಗರಗಸಕ್ಕೆ ಹೊಸ ಬ್ಲೇಡು ತರುವಾಗಲೂ ಅದರ ಮೇಲೆ ಮುದ್ರಿಸಿದ ಗರಿಷ್ಠ ಸುತ್ತಿನ ಸಂಖ್ಯೆ ಯಂತ್ರದ ಸುತ್ತಿಗಿಂತ ಕಡಿಮೆ ಇರಬಾರದು.

ತೆಂಗಿನ ಮರದ ಗುಣ

ತೆಂಗು ತೇಗ, ಬೇವುಗಳಂತಲ್ಲ. ಅದರಲ್ಲಿ ವರ್ಷದ ಉಂಗುರಗಳಿಲ್ಲ, ಚೇಗೂ ಇಲ್ಲ. ನಾರಿನ ಕಟ್ಟುಗಳು ಸಿಪ್ಪೆಯ ಕಡೆಗೆ ದಟ್ಟವಾಗಿಯೂ ನಡುವೆ ವಿರಳವಾಗಿಯೂ ಇರುತ್ತವೆ. ಬಲಿತ ಮರದ ಹೊರಸುತ್ತು ಘನ ಮೀಟರಿಗೆ 600 ಕಿಲೋಗ್ರಾಂಗಿಂತ ಹೆಚ್ಚು ತೂಗಿದರೆ, ಒಳತಿರುಳು 400 ಕಿಲೋಗ್ರಾಂಗಿಂತ ಕಡಿಮೆ ತೂಗುತ್ತದೆ. ಇದರ ಪರಿಣಾಮ ಕೊಯ್ಯುವವನ ಕೈಗೆ ತಿಳಿಯುತ್ತದೆ. ಹಲಗೆಯ ಕಪ್ಪು ಅಂಚಿನಲ್ಲಿ ಬಲವಾಗಿ ಒತ್ತಬೇಕಾಗುತ್ತದೆ. ಬಿಳಿಯ ತಿರುಳು ಬಂದೊಡನೆ ಅದೇ ಒತ್ತಡಕ್ಕೆ ಗರಗಸವು ಒಮ್ಮೆಲೇ ಮುಂದಕ್ಕೆ ನುಗ್ಗಿ ಆಯ ತಪ್ಪಿಸುತ್ತದೆ. ಆದುದರಿಂದ ಒತ್ತುವ ಬದಲು ಬ್ಲೇಡು ತಾನಾಗಿ ಕೊಯ್ಯುವ ವೇಗಕ್ಕೆ ಬಿಟ್ಟುಕೊಂಡು ಸಾಗಬೇಕು. ಗಟ್ಟಿ ಹೊರಸುತ್ತು ಸಾಧಾರಣ ಉಕ್ಕಿನ ಹಲ್ಲನ್ನು ಬಹುಬೇಗ ಮೊಂಡು ಮಾಡುವುದರಿಂದ ಕಾರ್ಬೈಡ್ ತುದಿಯ ಹಲ್ಲುಗಳ ಬ್ಲೇಡನ್ನೇ ಆರಿಸಬೇಕು. ಉದ್ದುದ್ದ ಸೀಳಲು 24 ಹಲ್ಲು ಸಾಕು, ಅಡ್ಡ ಕೊಯ್ತಕ್ಕೆ 40 ಹಲ್ಲಿನದು ನಯವಾಗಿ ಕೊಯ್ಯುತ್ತದೆ. ಹೊಗೆ ಬಂದರೆ, ಕೊಯ್ದ ಮೈ ಕಪ್ಪಾದರೆ ಹಲ್ಲು ಮೊಂಡಾಗಿದೆ ಎಂದು ತಿಳಿಯಬೇಕು.

ತಂತಿ ಎಳೆಯಲು, ಬೇಲಿ ಕಟ್ಟಲು ಹೊಡೆದ ಮೊಳೆಗಳು ಮರದೊಳಗೆ ಹೂತುಹೋಗಿರುತ್ತವೆ. ಹಳೆಯ ಮನೆ ಬಿಚ್ಚಿದ ತೊಲೆಗಳಲ್ಲಂತೂ ಹೇಳಬೇಕಾಗಿಲ್ಲ. ಗೆರೆಯ ಉದ್ದಕ್ಕೂ ಎರಡೂ ಮಗ್ಗುಲು ನೋಡಿ ಮೊಳೆ ಕಿತ್ತ ನಂತರವೇ ಬ್ಲೇಡು ತಾಗಿಸಬೇಕು. ದುಂಡು ಕಾಂಡವನ್ನು ಮಾತ್ರ ಎಂದಿಗೂ ಈ ಯಂತ್ರದಿಂದ ಸೀಳಲು ಹೋಗಬಾರದು. ಯಂತ್ರದ ತಳತಟ್ಟೆ ಕೂರಲು ಚಪ್ಪಟೆ ಜಾಗ ಬೇಕು, ಮೇಲಾಗಿ 7 ಅಂಗುಲದ ಬ್ಲೇಡು ಎರಡೂವರೆ ಅಂಗುಲದಷ್ಟು ಮಾತ್ರ ಒಳಗಿಳಿಯುತ್ತದೆ.

ಗರಗಸ ಹಿಂದಕ್ಕೆ ಒದೆಯುವುದೇಕೆ?

ಸಾಮಾನ್ಯವಾಗಿ ಅಪಘಾತ ನಡೆಯುವ ಬಗೆ ಹೀಗೆ. ಎರಡು ಕಲ್ಲುಗಳ ಮೇಲೆ ಹಲಗೆಯ ಎರಡು ತುದಿ ಇಟ್ಟು ನಡುವೆ ಕೊಯ್ಯಲಾಗುತ್ತದೆ. ಅರ್ಧ ಕೊಯ್ತ ಆಗುವಷ್ಟರಲ್ಲಿ ಹಲಗೆ ತನ್ನ ಭಾರಕ್ಕೇ ನಡುವೆ ಕುಸಿದು, ಕೊಯ್ತದ ಬಾಯಿ ಮುಚ್ಚಿ ಬ್ಲೇಡನ್ನು ಕಚ್ಚುತ್ತದೆ. ತಿರುಗಲಾಗದ ಬ್ಲೇಡು ಇಡೀ ಯಂತ್ರವನ್ನೇ ಎತ್ತಿ ಹಿಂದಕ್ಕೆ, ಹಿಡಿದವನ ಕಡೆಗೆ ಎಸೆಯುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಈ ಒದೆತವನ್ನು ತೋಳ್ಬಲದಿಂದ ತಡೆಯಲು ಸಾಧ್ಯವಿಲ್ಲ. ಆಗದಂತೆ ನೋಡಿಕೊಳ್ಳುವುದೊಂದೇ ದಾರಿ. ಅಡ್ಡ ಕೊಯ್ಯುವಾಗ ಗೆರೆಯು ಎರಡು ಆಸರೆಗಳ ಹೊರಗಿರಲಿ, ತುಂಡು ತಾನಾಗಿ ಕೆಳಗೆ ಬೀಳಲಿ. ಉದ್ದಕ್ಕೆ ಸೀಳುವಾಗ ಹಲಗೆಯ ಕೆಳಗೆ ಮೂರು ನಾಲ್ಕು ಕಡೆ ಪಟ್ಟಿ ಕೊಟ್ಟು, ಎರಡಡಿ ಸೀಳಿದ ಮೇಲೆ ಯಂತ್ರ ನಿಲ್ಲಿಸಿ ಕೊಯ್ತದ ಬಾಯಿಗೆ ತೆಳು ಬೆಣೆ ಇಡಬೇಕು. ಬ್ಲೇಡಿನ ಹಲ್ಲು ಹಲಗೆಯ ಕೆಳಗೆ ಕಾಲು ಅಂಗುಲ ಮಾತ್ರ ಇಣುಕುವಂತೆ ಆಳವನ್ನು ಹೊಂದಿಸಬೇಕು. ಬ್ಲೇಡು ಸಿಕ್ಕಿಕೊಂಡಿತೆನಿಸಿದರೆ ಎಳೆದಾಡದೆ ಸ್ವಿಚ್ಚು ಬಿಟ್ಟು, ಪೂರ್ತಿ ನಿಂತ ಮೇಲೆ ಎತ್ತಬೇಕು. ನಿಲ್ಲುವವನು ಗರಗಸದ ನೇರ ಹಿಂದೆ ನಿಲ್ಲದೆ ಪಕ್ಕಕ್ಕೆ ನಿಂತು ಎರಡೂ ಕೈಯಿಂದ ಹಿಡಿಯಬೇಕು.

ಇಲ್ಲಿ ಒಂದು ಹಳೆಯ ಅಭ್ಯಾಸವನ್ನು ಬಿಡಲೇಬೇಕು. ಕೈಗರಗಸದಿಂದ ಕೊಯ್ಯುವಾಗ ಹಲಗೆಯನ್ನು ಪಾದದಿಂದ ಅದುಮಿ ಹಿಡಿಯುವುದು ನಮ್ಮ ಬಡಗಿಗಳ ರೂಢಿ. ಚಕ್ರಗರಗಸದ ಹಲ್ಲು ಹಲಗೆಯ ಕೆಳಗೆ, ಕಣ್ಣಿಗೆ ಕಾಣದಲ್ಲಿ ತಿರುಗುತ್ತಿರುತ್ತದೆ. ಕಾಲಿನ ಬೆರಳು, ಕೆಳಗಿನಿಂದ ಹಲಗೆ ಎತ್ತಿ ಹಿಡಿದ ಮಗನ ಕೈ ಎರಡೂ ಅಲ್ಲಿಯೇ ಇರುತ್ತವೆ. ಹಲಗೆಯನ್ನು ಹಿಡಿಯಬೇಕಾದ್ದು ಕ್ಲಾಂಪು, ಮನುಷ್ಯರಲ್ಲ. ಹೆಗಲ ಟವೆಲ್ಲು, ಸಡಿಲ ಲುಂಗಿ, ಕೈಗವಸು ಇವನ್ನು ತೆಗೆದಿಟ್ಟು, ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ, ಕಾಲಿಗೆ ಬೂಟು ಧರಿಸತಕ್ಕದ್ದು.

ವಿದ್ಯುತ್ ಸಂಪರ್ಕ

ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆಯಿಂದ ಒಂದು ಫೇಸು ಎಳೆದು, ನ್ಯೂಟ್ರಲ್ಲಿಗೆ ಬದಲಾಗಿ ನೆಲಕ್ಕೆ ಸಲಾಕೆ ನೆಟ್ಟು ಯಂತ್ರ ಓಡಿಸುವುದು ಪ್ರಾಣಕ್ಕೇ ಎರವಾದೀತು. ಆ ಸಲಾಕೆಯೂ ಸುತ್ತಲಿನ ಒದ್ದೆ ನೆಲವೂ ಕರೆಂಟು ಹೊರುತ್ತವೆ. ಎರಡು ಫೇಸುಗಳ ನಡುವೆ ಕೊಟ್ಟರೆ 400 ವೋಲ್ಟ್ ಹರಿದು ಮೋಟಾರು ಸುಟ್ಟುಹೋಗುತ್ತದೆ. ಮನೆಯ ಮೀಟರ್ ಬೋರ್ಡಿನಿಂದಲೇ, 30 ಮಿಲಿ ಆಂಪಿಯರಿನ ಸೋರಿಕೆ ತಡೆ ಸ್ವಿಚ್ಚಿನ ಮೂಲಕ ಸಂಪರ್ಕ ಪಡೆಯಬೇಕು. 1,200 ವ್ಯಾಟಿನ ಗರಗಸಕ್ಕೆ 100 ಮೀಟರ್ ದೂರದ ಕೊಟ್ಟಿಗೆಗೆ 1 ಚದರ ಮಿಲಿಮೀಟರಿನ ತಾಮ್ರದ ವೈರು ಎಳೆದರೆ ದಾರಿಯಲ್ಲೇ ಸುಮಾರು 19 ವೋಲ್ಟ್ ಕಳೆಯುತ್ತದೆ, 2.5 ಚದರ ಮಿಲಿಮೀಟರಿನದಾದರೆ 8 ವೋಲ್ಟ್ ಮಾತ್ರ. ಮೊದಲೇ ವೋಲ್ಟೇಜು ಕಡಿಮೆ ಇರುವ ಊರಿನಲ್ಲಿ ಈ ವ್ಯತ್ಯಾಸ ಸಣ್ಣದಲ್ಲ, ಶಕ್ತಿ ಕುಂದಿದ ಗರಗಸವೇ ನಡುವೆ ಸಿಕ್ಕಿಕೊಂಡು ನಿಲ್ಲುವುದು. ಕರೆಂಟು ಹೋದ ತಕ್ಷಣ ಪ್ಲಗ್ಗು ಕೀಳಬೇಕು. ಸ್ವಿಚ್ಚಿನ ಲಾಕ್ ಗುಂಡಿ ಒತ್ತಿದ್ದಂತೆಯೇ ನೆಲಕ್ಕಿಟ್ಟು ಕಾಫಿಗೆ ಹೋದರೆ, ಕರೆಂಟು ಮರಳಿದಾಗ ಗರಗಸ ತಾನಾಗಿ ಅಂಗಳದಲ್ಲಿ ಹರಿದಾಡತೊಡಗುತ್ತದೆ.

ಗಾಯವಾದರೆ

ಶುಭ್ರ ಬಟ್ಟೆಯಿಂದ ಗಾಯವನ್ನು ಬಿಗಿಯಾಗಿ ಅದುಮಿ, ಕೈಯನ್ನು ಎದೆಗಿಂತ ಮೇಲೆತ್ತಿ ಹಿಡಿದು, 108ಕ್ಕೆ ಕರೆ ಮಾಡಬೇಕು. ಸುಣ್ಣ, ಕಾಫಿಪುಡಿ, ಅರಿಶಿನ, ಸೀಮೆಎಣ್ಣೆ ಹಚ್ಚಕೂಡದು. ಇವು ಗಾಯವನ್ನು ಕೊಳೆ ಮಾಡಿ, ಹೊಲಿಗೆ ಹಾಕುವ ವೈದ್ಯರಿಗೆ ತೊಡಕಾಗುತ್ತವೆ. ಬೆರಳು ತುಂಡಾಗಿದ್ದರೆ ಅದನ್ನು ಹುಡುಕಿ, ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಬೆರೆಸಿದ ನೀರಿನ ಇನ್ನೊಂದು ಚೀಲದಲ್ಲಿಡಬೇಕು. ಮಂಜುಗಡ್ಡೆ ನೇರವಾಗಿ ಮಾಂಸಕ್ಕೆ ತಾಗಬಾರದು. ಅದನ್ನು ಗಾಯಾಳುವಿನ ಜೊತೆಯಲ್ಲೇ ಕಳುಹಿಸಬೇಕು. ಮತ್ತೆ ಜೋಡಿಸಬಹುದೇ ಎಂಬುದನ್ನು ಶಸ್ತ್ರವೈದ್ಯರು ನೋಡಿ ಹೇಳುವರು. ಚಿಕ್ಕ ಗಾಯವಾಗಿದ್ದರೂ ಅಂದೇ ಆಸ್ಪತ್ರೆಗೆ ಹೋಗಿ ಧನುರ್ವಾಯುವಿನ ಚುಚ್ಚುಮದ್ದು ಬೇಕೇ ಎಂದು ವಿಚಾರಿಸಬೇಕು.