ಚೀಲ ಅಂದರೆ ಎಷ್ಟು ಕಿಲೋ?

ಸಿಂಧನೂರಿನಲ್ಲಿ ಭತ್ತದ ದರ ಕೇಳಿದರೆ ಉತ್ತರ ಚೀಲದ ಲೆಕ್ಕದಲ್ಲಿ ಬರುತ್ತದೆ. ಚೀಲವೆಂದರೆ 75 ಕಿಲೋ. ಅದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಸರ್ಕಾರದ ಬೆಂಬಲ ಬೆಲೆ ಮಾತ್ರ ಕ್ವಿಂಟಲ್ ಲೆಕ್ಕದ್ದು. 2025-26ಕ್ಕೆ ಸಾಮಾನ್ಯ ಭತ್ತಕ್ಕೆ 2,369 ರೂಪಾಯಿ, ಅಂದರೆ ನಮ್ಮ ಚೀಲಕ್ಕೆ 1,776 ರೂಪಾಯಿ 75 ಪೈಸೆ. ಅದೇ ಭತ್ತ ಗಿರಣಿ ಹೊಕ್ಕು ಅಕ್ಕಿಯಾಗಿ ಹೊರಬರುವಾಗ ಚೀಲ 25 ಕಿಲೋ ಆಗಿರುತ್ತದೆ, ಇಲ್ಲವೇ 26. ‘400 ಚೀಲ ಕಳಿಸಿ’ ಎಂಬ ಒಂದು ಸಾಲಿಗೆ ಹೀಗಾಗಿ 30 ಟನ್ ಎಂಬ ಅರ್ಥವೂ ಇದೆ, 10 ಟನ್ ಎಂಬ ಅರ್ಥವೂ ಇದೆ, 10 ಟನ್ 4 ಕ್ವಿಂಟಲ್ ಎಂಬುದೂ ಇದೆ. ಫೋನಿನಲ್ಲಿ ಮಾತಾಡುವವರಿಗೆ ಯಾವುದೆಂದು ತಾನಾಗಿ ತಿಳಿಯುತ್ತದೆ, ಕಂಪ್ಯೂಟರಿಗೆ ತಿಳಿಯುವುದಿಲ್ಲ. ಗಿರಣಿಗಳ ಲೆಕ್ಕಪತ್ರದ ನಡುವೆ ವರ್ಷಗಳನ್ನು ಕಳೆದ ಮೇಲೆ ನನಗೆ ಮನದಟ್ಟಾದದ್ದು ಇಷ್ಟು: ಮಾಹಿತಿ ಕಳಿಸುವ ತಂತ್ರಾಂಶ ದುಡ್ಡು ಕೊಟ್ಟರೆ ಯಾರಿಗಾದರೂ ಸಿಗುತ್ತದೆ, ಆದರೆ ಆ ತುದಿಯ ಚೀಲ ಯಾವುದು, ಈ ತುದಿಯದು ಯಾವುದು ಎಂದು ಮೊದಲೇ ಕೂತು ಮಾತಾಡಿಕೊಳ್ಳದಿದ್ದರೆ ಕಳಿಸಿದ್ದೆಲ್ಲ ಜಗಳಕ್ಕೆ ದಾರಿ.

ಕಂಪ್ಯೂಟರಿನಲ್ಲಿ ಮಾಹಿತಿ ಕಳಿಸುವ ಈ ವಿನಿಮಯವನ್ನು ನಮ್ಮ ಗಿರಣಿಗಳಿಗೆ ಕಲಿಸಿದ್ದು ತೆರಿಗೆ ಇಲಾಖೆ. ವ್ಯಾಟ್ ಕಾಲದಲ್ಲಿ ಇ-ಸುಗಮ್ ಇತ್ತು. ಸರಕು ಹೊರಡುವ ಮುನ್ನ ವಿವರ ಏರಿಸಿ ಸಂಖ್ಯೆ ಪಡೆಯಬೇಕಿತ್ತು. 2018ರ ಏಪ್ರಿಲ್ 1ರಂದು ಅಂತರರಾಜ್ಯ ಸಾಗಣೆಗೆ ದೇಶಕ್ಕೆಲ್ಲ ಇ-ವೇ ಬಿಲ್ ಬಂದಾಗ ರಾಜ್ಯದೊಳಗಿನ ಸಾಗಣೆಗೂ ಅಂದೇ ಶುರು ಮಾಡಿದ್ದು ಕರ್ನಾಟಕ. ಇ-ಇನ್‌ವಾಯ್ಸ್ 2020ರ ಅಕ್ಟೋಬರಿನಲ್ಲಿ 500 ಕೋಟಿ ವಹಿವಾಟಿನವರಿಂದ ಆರಂಭವಾಗಿ, 2023ರ ಆಗಸ್ಟಿಗೆ 5 ಕೋಟಿಗೆ ಇಳಿಯಿತು. ಅಲ್ಲಿಗೆ ನಮ್ಮ ಸಾಧಾರಣ ಗಿರಣಿಯೂ ಅದರೊಳಗೆ ಬಂತು. ಬಿಲ್ಲಿನ ಕಡತ ಪೋರ್ಟಲಿಗೆ ಹೋಗಿ, 64 ಅಕ್ಷರಗಳ ಸಂಖ್ಯೆ ಮತ್ತು ಕ್ಯೂಆರ್ ಕೋಡ್ ಹೊತ್ತು ಕ್ಷಣದಲ್ಲಿ ಮರಳುತ್ತದೆ. ಇಂಗ್ಲಿಷ್ ಬಾರದ ಗುಮಾಸ್ತನೂ ಇದನ್ನು ಕಣ್ಣು ಮುಚ್ಚಿ ಮಾಡುತ್ತಾನೆ. ಹಳ್ಳಿಯವರಿಗೆ ಇದೆಲ್ಲ ಆಗದು ಎನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಹಾಗಾದರೆ ಸಮಸ್ಯೆ ಮುಗಿಯಿತೇ? ಪೋರ್ಟಲಿನ ಅಳತೆಗಳ ಪಟ್ಟಿ ತೆಗೆದು ನೋಡಿ. ಅಲ್ಲಿ ಕೆಜಿಎಸ್ ಇದೆ, ಕ್ಯೂಟಿಎಲ್ ಇದೆ, ‘ಬ್ಯಾಗ್’ ಕೂಡ ಇದೆ. ‘ಬ್ಯಾಗ್ 400’ ಎಂದು ಬರೆದರೆ ಅದು ಚಕಾರವೆತ್ತದೆ ಒಪ್ಪಿಕೊಳ್ಳುತ್ತದೆ. ತೆರಿಗೆಯ ಗಣಿತ ಕೂಡಿದರೆ ಅದಕ್ಕೆ ಸಾಕು. ಇನ್ನೊಂದು ತಮಾಷೆ ಇದೆ. 2022ರ ಜುಲೈ 18ರಿಂದ 25 ಕಿಲೋವರೆಗಿನ, ಲೇಬಲ್ ಹಚ್ಚಿದ ಅಕ್ಕಿ ಪೊಟ್ಟಣಕ್ಕೆ ಶೇ 5 ಜಿಎಸ್‌ಟಿ ಬಂತು. ಅದರ ಬೆನ್ನಿಗೇ ಮಾರುಕಟ್ಟೆಯಲ್ಲಿ 26 ಕಿಲೋ ಚೀಲ ಹುಟ್ಟಿತು. ಅದಕ್ಕೆ ತೆರಿಗೆ ಇಲ್ಲ, ಇ-ಇನ್‌ವಾಯ್ಸ್ ಬೇಕಿಲ್ಲ, ಇ-ವೇ ಬಿಲ್ಲೂ ಬೇಕಿಲ್ಲ. ಒಂದು ಕಿಲೋ ಅಕ್ಕಿ ಹೆಚ್ಚಾಗಿದ್ದಕ್ಕೆ ಲಾರಿಗಟ್ಟಲೆ ವ್ಯವಹಾರದ ಮಾಹಿತಿ ಮತ್ತೆ ಚೀಟಿಗೆ, ವಾಟ್ಸ್‌ಆ್ಯಪ್ಪಿಗೆ ಮರಳಿತು. ತೆರಿಗೆಯ ಭಯದಿಂದ ಕಲಿತ ಶಿಸ್ತು ತೆರಿಗೆ ಇರುವಷ್ಟು ದೂರ ಮಾತ್ರ ಬರುತ್ತದೆ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಮೊದಲೇ ಮಾತಾಡಿಕೊಳ್ಳದ ತೊಂದರೆ ತೌಡಿನ ವ್ಯಾಪಾರದಲ್ಲಿ ಇನ್ನೂ ಬಿಚ್ಚಿ ಕಾಣುತ್ತದೆ. ಗಿರಣಿಯಿಂದ ತೌಡು ಎಣ್ಣೆ ತೆಗೆಯುವ ಕಾರ್ಖಾನೆಗೆ ಹೋಗುತ್ತದೆ. ಭತ್ತ ಅರೆದ ಗಳಿಗೆಯಿಂದಲೇ ತೌಡಿನ ಕಿಣ್ವ ಅದರ ಎಣ್ಣೆಯನ್ನು ಕೆಡಿಸತೊಡಗುತ್ತದೆ, ಆಮ್ಲಾಂಶ ಏರುತ್ತದೆ. ಹಾಗಾಗಿ ನಿಜವಾದ ಬೆಲೆ ನಿಲ್ಲುವುದು ಕೊಳ್ಳುವವನ ಪ್ರಯೋಗಾಲಯದಲ್ಲಿ. ಬಿಲ್ಲು ಹುಟ್ಟುವುದು ಅದಕ್ಕೂ ಮೊದಲು, ಗಿರಣಿಯ ತೂಕದ ಕಟ್ಟೆಯ ಬಳಿ. ನಡುವಿನ ಅಂತರವನ್ನು ಆಮೇಲೆ ಕ್ರೆಡಿಟ್ ನೋಟಿನಲ್ಲಿ ತೇಪೆ ಹಾಕಬೇಕು. ಇ-ಇನ್‌ವಾಯ್ಸಿನಲ್ಲಿ ಸರಕಿನ ಗುಣಲಕ್ಷಣ ಬರೆಯಲು ಐಚ್ಛಿಕ ಕಲಮುಗಳಿವೆ. ಆಮ್ಲಾಂಶ ಎಷ್ಟಿದ್ದರೆ ಎಷ್ಟು ಕಡಿತ, ಎಣ್ಣೆ ಎಷ್ಟಿರಬೇಕು, ಮಾದರಿ ತೆಗೆಯುವವರು ಯಾರು ಎಂಬುದು ಎರಡೂ ಕಡೆ ಬರಹದಲ್ಲಿ ಇಲ್ಲದಾಗ ಆ ಕಲಮಿನಲ್ಲಿ ಏನು ತುಂಬುವುದು?

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಹಗುರವಾದದ್ದಲ್ಲ. ತೂಕದ ಚೀಟಿಯ ಫೋಟೊ ವಾಟ್ಸ್‌ಆ್ಯಪ್ಪಿನಲ್ಲಿ ಬಂದರೆ ಸಾಲದೇ, ನಂಬಿಕೆಯ ಮೇಲೆ ನಡೆಯುವ ವ್ಯಾಪಾರಕ್ಕೆ ಇಷ್ಟೆಲ್ಲ ಏಕೆ ಎಂಬುದು. ನಂಬಿಕೆ ಇರುವವರೆಗೆ ಸಾಕು, ಒಪ್ಪುತ್ತೇನೆ. ಆದರೆ ಫೋಟೊ ಬಂದರೂ ಅಂಕಿಗಳನ್ನು ಯಾರೋ ನೋಡಿ ಮತ್ತೆ ಟೈಪ್ ಮಾಡಬೇಕು. ಒಂದೇ ತೂಕ ದಲ್ಲಾಳಿಯ ವಹಿಯಲ್ಲಿ, ಗಿರಣಿಯ ಟ್ಯಾಲಿಯಲ್ಲಿ, ಕೊಳ್ಳುವವನ ಪುಸ್ತಕದಲ್ಲಿ ಮೂರು ಸಲ ಬರೆಯಲ್ಪಡುತ್ತದೆ. ಸೂಟು, ಅಂದರೆ ತೂಕದಲ್ಲಿ ಮುರಿದುಕೊಳ್ಳುವ ಪಾಲು, ಕಳೆದ ತೂಕವೇ, ಕಳೆಯದ್ದೇ? ಗೋಣಿಯ ಭಾರ ಸೇರಿತೇ? ಫೋಟೊ ಇದನ್ನು ಹೇಳುವುದಿಲ್ಲ. ಬರಹದಲ್ಲಿಟ್ಟರೆ ಸೂಟು ಬಯಲಾಗುತ್ತದೆ ಎಂಬ ಅಳುಕೂ ಈ ಆಕ್ಷೇಪದ ಹಿಂದೆ ಸ್ವಲ್ಪ ಇದೆ ಎಂಬುದು ನನ್ನ ಗುಮಾನಿ.

ಹೆಸರುಗಳ ಕಥೆಯೂ ಹೀಗೆಯೇ. ರೈತ ಬೆಳೆದದ್ದು ಬಿಪಿಟಿ 5204 ತಳಿ. ಅಂಗಡಿಯ ಚೀಲದ ಮೇಲೆ ಸೋನಾ ಮಸೂರಿ. ಬಿಲ್ಲಿನಲ್ಲಿ ಬರೀ 1006 ಎಂಬ ಸರಕು ಸಂಖ್ಯೆ, ಅದರಡಿ ಆರ್‌ಎನ್‌ಆರ್ 15048 ಎಂಬ ಬೇರೆ ತಳಿ ಕೂಡ ಬಂದು ಕೂರುತ್ತದೆ. ಇದನ್ನು ಬರೆಯುವಾಗ ಮಸ್ಕಿಯ ಬಂಡೆ ನೆನಪಾಗುತ್ತದೆ. ‘ದೇವಾನಾಂಪ್ರಿಯ’ ಎಂಬ ಬಿರುದಿನ ಶಾಸನಗಳು ದೇಶದ ತುಂಬ ಸಿಕ್ಕಿದ್ದವು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಅವರಿಗೆ ಮಸ್ಕಿಯಲ್ಲಿ ಸಿಕ್ಕ ಶಾಸನದಲ್ಲಿ ಆ ಬಿರುದಿನ ಪಕ್ಕದಲ್ಲೇ ಅಶೋಕನ ಹೆಸರೂ ಇತ್ತು. ಎರಡೂ ಒಬ್ಬನವೇ ಎಂಬುದು ಗಟ್ಟಿಯಾಯಿತು. 5204ನ್ನೂ ಸೋನಾ ಮಸೂರಿಯನ್ನೂ 1006ನ್ನೂ ಒಂದೇ ಸಾಲಿನಲ್ಲಿ ಹೇಳುವ ಅಂಥದೊಂದು ಬರಹ ನಮ್ಮ ಗಿರಣಿ ಮತ್ತು ಕೊಳ್ಳುವವರ ನಡುವೆ ಇಲ್ಲ.

ದೊಡ್ಡ ಕೊಳ್ಳುವವರು ತಮ್ಮ ತಮ್ಮ ಪೋರ್ಟಲ್ ಹೇರುತ್ತಾರೆ, ಸಣ್ಣವರ ಮಾತು ಅಲ್ಲಿ ನಡೆಯದು ಎಂಬ ದೂರಿಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಎಲ್ಲರಿಗೂ ಒಂದೇ ಮಾನಕ ಇರಲಿ ಎಂದರೆ ಅದೂ ಸುಲಭವಲ್ಲ: ವಿಶ್ವಸಂಸ್ಥೆಯ ಆಶ್ರಯದಲ್ಲಿ 1987ರಲ್ಲಿ ರೂಪುಗೊಂಡ, ವ್ಯಾಪಾರದ ಮಾಹಿತಿ ವಿನಿಮಯದ ಎಡಿಫ್ಯಾಕ್ಟ್ ಮಾನಕದಲ್ಲಿ ಕಿಲೋಗೆ ಕೆಜಿಎಂ ಎಂಬ ಸಂಕೇತ, ನಮ್ಮ ಜಿಎಸ್‌ಟಿಯಲ್ಲಿ ಕೆಜಿಎಸ್. ಕಿಲೋದ ಬಗ್ಗೆಯೇ ಲೋಕ ಒಮ್ಮತಕ್ಕೆ ಬಂದಿಲ್ಲ. ಆದರೂ ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಗೆ ಸರಕು ಪೂರೈಸುವವರನ್ನು ನೋಡಿ. ಅಲ್ಲಿ ಟೆಂಡರಿನಲ್ಲಿ ವಸ್ತುವಿನ ವಿವರ, ಅಳತೆ, ತಪಾಸಣೆಯ ಷರತ್ತು ಮೊದಲು ಬರುತ್ತವೆ, ದರ ಆಮೇಲೆ. ಅಕ್ಕಿಯಲ್ಲಿ ನಾವು ದರ ಮೊದಲು ಕೂಗಿ ಉಳಿದದ್ದನ್ನು ಲಾರಿ ತಲುಪಿದ ಮೇಲೆ ಮಾತಾಡುತ್ತೇವೆ. ತಳಿಯ ಹೆಸರು, ಚೀಲದ ನಿವ್ವಳ ತೂಕ, ತೇವಾಂಶದ ಮಿತಿ, ನುಚ್ಚಿನ ಪ್ರಮಾಣ, ತೂಕ ಕಡಿಮೆ ಬಂದರೆ ಯಾರ ತಲೆಗೆ ಎಂಬುದನ್ನು ಬರೆಯಲು ಒಂದು ಹಾಳೆ ಸಾಕು. ಅದನ್ನು ಮುಂಗಾರು ಭತ್ತದ ಕೊಯ್ಲಿಗೆ ಮುಂಚೆ ಮಾಡಿಕೊಳ್ಳಬೇಕು. ಕಟಾವಿನ ಮಷಿನ್ ಗದ್ದೆಗಿಳಿದು ಹಸಿ ಭತ್ತದ ಟ್ರ್ಯಾಕ್ಟರುಗಳು ಗಿರಣಿಯ ಮುಂದೆ ಸಾಲುಗಟ್ಟಿದ ಮೇಲೆ ಹಾಳೆ ಹಿಡಿದು ಕೂರಲು ಯಾರಿಗೂ ಪುರುಸೊತ್ತಿರುವುದಿಲ್ಲ.