ಆನ್‌ಲೈನ್ ಪದವಿ: ಪ್ರವೇಶಕ್ಕೆ ಮುನ್ನ ಪರಿಶೀಲಿಸತಕ್ಕ ಅಂಶಗಳು

ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ತಾಲೂಕುಗಳ ವರ್ತಕ ಕುಟುಂಬಗಳಿಗೆ ಆನ್‌ಲೈನ್ ಶಿಕ್ಷಣವು ನಿಜಕ್ಕೂ ಅನುಕೂಲಕರ. ತೊಗರಿಯ ಸುಗ್ಗಿಯಲ್ಲಿ ಅಡತಿ ಅಂಗಡಿಯನ್ನು ಬಿಟ್ಟು ವಿಜಯಪುರದ ಕಾಲೇಜಿಗೆ ದಿನವೂ ಹೋಗಿಬರುವುದು ಎಲ್ಲ ಯುವಕರಿಗೂ ಸಾಧ್ಯವಿಲ್ಲ. ಮದುವೆಯಾಗಿ ಬಂದ ಸೊಸೆಯಂದಿರ ಸ್ಥಿತಿಯೂ ಅದೇ. ಆದರೆ ಶುಲ್ಕ ಕಟ್ಟುವ ಮುನ್ನ ಪಾಲಕರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಈ ವಿಶ್ವವಿದ್ಯಾಲಯ ಅಸಲಿಯೋ, ನಕಲಿಯೋ? ಈ ಪ್ರಶ್ನೆಯೊಂದೇ ಸಾಲದು.

ನಕಲಿಯನ್ನು ಗುರುತಿಸುವುದು ಅಷ್ಟೇನೂ ಕಷ್ಟವಲ್ಲ. 1956ರ ವಿಶ್ವವಿದ್ಯಾಲಯ ಅನುದಾನ ಆಯೋಗ ಕಾಯ್ದೆಯ 22ನೇ ಕಲಮಿನಂತೆ ಕೇಂದ್ರ ಅಥವಾ ರಾಜ್ಯ ಕಾಯ್ದೆಯಿಂದ ಸ್ಥಾಪಿತವಾದ ವಿಶ್ವವಿದ್ಯಾಲಯ, ಡೀಮ್ಡ್ ವಿಶ್ವವಿದ್ಯಾಲಯ, ಇಲ್ಲವೇ ಸಂಸತ್ತಿನಿಂದ ವಿಶೇಷ ಅಧಿಕಾರ ಪಡೆದ ಸಂಸ್ಥೆ ಮಾತ್ರ ಪದವಿ ನೀಡಬಹುದು. ಆಯೋಗವು ನಕಲಿ ಸಂಸ್ಥೆಗಳ ಪಟ್ಟಿಯನ್ನೂ ಪ್ರಕಟಿಸುತ್ತದೆ. ನೆರೆಯ ಗೋಕಾಕದ ‘ಬಡಗಾನವಿ ಸರ್ಕಾರ್ ವರ್ಲ್ಡ್ ಓಪನ್ ಯೂನಿವರ್ಸಿಟಿ ಎಜುಕೇಶನ್ ಸೊಸೈಟಿ’ ಎಂಬ ಹೆಸರು ಆ ಪಟ್ಟಿಯಲ್ಲಿ ವರ್ಷಗಟ್ಟಲೆ ಇತ್ತು. ಈ ಕಲಮನ್ನು ಉಲ್ಲಂಘಿಸಿದವರಿಗೆ ಕಾಯ್ದೆ ವಿಧಿಸಿದ ದಂಡ ಗರಿಷ್ಠ 1,000 ರೂಪಾಯಿ. ಬೇಸಿಗೆಯಲ್ಲಿ ಇಂಡಿಯ ಒಂದು ಚೀಲ ನಿಂಬೆಗೂ ಇದಕ್ಕಿಂತ ಹೆಚ್ಚಿನ ಬೆಲೆ ಬರುವುದುಂಟು! ಆದ್ದರಿಂದ ಎಚ್ಚರಿಕೆಯ ಹೊಣೆ ವಿದ್ಯಾರ್ಥಿಯ ಮೇಲೆಯೇ ಬೀಳುತ್ತದೆ.

ಹೆಚ್ಚಿನ ನಷ್ಟವುಂಟಾಗುವುದು ಅಸಲಿ ಸಂಸ್ಥೆಯ ಮಾನ್ಯತೆಯ ಅವಧಿ ಮುಗಿದಾಗ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವು 1992ರ ರಾಜ್ಯ ಕಾಯ್ದೆಯನ್ವಯ 1996ರಲ್ಲಿ ಆರಂಭವಾದ ಸರ್ಕಾರಿ ಸಂಸ್ಥೆ. ರಾಜ್ಯದ ಹೊರಗೆ ಖಾಸಗಿ ಪಾಲುದಾರರ ಮೂಲಕ ಕೇಂದ್ರಗಳನ್ನು ನಡೆಸಿದ್ದು ಮೊದಲಾದ ಉಲ್ಲಂಘನೆಗಳ ಹಿನ್ನೆಲೆಯಲ್ಲಿ, 2012-13ನೇ ಸಾಲಿನ ನಂತರ ಅದಕ್ಕೆ ಮಾನ್ಯತೆಯಿಲ್ಲವೆಂದು ಆಯೋಗ 2015ರ ಜೂನ್‌ನಲ್ಲಿ ಪ್ರಕಟಿಸಿತು. ಅಷ್ಟರಲ್ಲಿ 2013-14 ಮತ್ತು 2014-15ನೇ ಸಾಲುಗಳಲ್ಲಿ ಸೇರಿದವರು ಶುಲ್ಕ ಕಟ್ಟಿ, ಪರೀಕ್ಷೆ ಬರೆದು ಆಗಿತ್ತು. ಉದ್ಯೋಗ, ಬಡ್ತಿ, ಮುಂದಿನ ವ್ಯಾಸಂಗ ಎಲ್ಲವೂ ಅತಂತ್ರವಾದವು. 2018-19ನೇ ಸಾಲಿನಿಂದ ಮಾನ್ಯತೆ ಮರಳಿ ದೊರೆಯಿತು. ವಿಶ್ವವಿದ್ಯಾಲಯ ಅದೇ, ಮೊಹರು ಅದೇ. ಪ್ರವೇಶದ ವರ್ಷ ಮಾತ್ರ ಬೇರೆ.

ವರ್ತಕರಿಗೆ ಇದು ಅಪರಿಚಿತ ವಿಷಯವಲ್ಲ. ಸರಕು ಪೂರೈಸಿದವನ ಜಿಎಸ್‌ಟಿ ನೋಂದಣಿಯನ್ನು ಹಿಂದಿನ ದಿನಾಂಕದಿಂದ ರದ್ದುಪಡಿಸಲು ಕಾಯ್ದೆಯಲ್ಲಿ ಅವಕಾಶವಿದೆ. ಹಾಗಾದಾಗ ಕೊಂಡವನ ಹೂಡುವಳಿ ತೆರಿಗೆ ಜಮೆಗೂ ಕುತ್ತು ಬರುತ್ತದೆ. ಬಿಲ್ಲಿನ ದಿನ ನೋಂದಣಿ ಜೀವಂತವಿತ್ತೇ ಎಂದು ನೋಡುವ ವ್ಯಾಪಾರಿಯು ಮಗನ ಪದವಿಯ ವಿಷಯದಲ್ಲಿಯೂ ಅದನ್ನೇ ಮಾಡತಕ್ಕದ್ದು. ಅಂದರೆ, ಆಯೋಗದ ದೂರಶಿಕ್ಷಣ ಬ್ಯೂರೋ ಜಾಲತಾಣದಲ್ಲಿ ಆ ಸಂಸ್ಥೆಗೆ, ಆ ಕೋರ್ಸಿಗೆ, ಆ ಸಾಲಿಗೆ, ಆನ್‌ಲೈನ್ ವಿಧಾನಕ್ಕೇ ಮಾನ್ಯತೆ ಇದೆಯೇ ಎಂಬುದನ್ನು ನೋಡಬೇಕು. ಬಿ.ಕಾಂ.ಗೆ ಇರುವ ಮಾನ್ಯತೆ ಎಂ.ಕಾಂ.ಗೆ ಅನ್ವಯಿಸದು, ದೂರಶಿಕ್ಷಣಕ್ಕೆ ಇರುವುದು ಆನ್‌ಲೈನ್‌ಗೆ ಅನ್ವಯಿಸದು. 2020ರ ನಿಯಮಾವಳಿಯಂತೆ ಮಾನ್ಯತೆಯುಳ್ಳ ಆನ್‌ಲೈನ್ ಪದವಿಯು ಕಾಲೇಜಿನ ಪದವಿಗೆ ಸಮಾನ. ಆದರೆ ಇಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಔಷಧ ವಿಜ್ಞಾನ, ಕಾನೂನು ಪದವಿಗಳಿಗೆ ಈ ಮಾರ್ಗವೇ ಇಲ್ಲ.

ಮಧ್ಯವರ್ತಿಗಳ ವಿಷಯ. ಫ್ರಾಂಚೈಸಿ ಪದ್ಧತಿಗೆ ನಿಯಮಾವಳಿಯಲ್ಲಿ ಅವಕಾಶವಿಲ್ಲವಾದ್ದರಿಂದ ಶುಲ್ಕವನ್ನು ನೇರವಾಗಿ ವಿಶ್ವವಿದ್ಯಾಲಯದ ಖಾತೆಗೇ ಪಾವತಿಸುವುದು ಕ್ಷೇಮ. ರಸೀದಿಯನ್ನೂ ಓದಬೇಕು. ಕಾನೂನಿನ ಮಾನ್ಯತೆಯುಳ್ಳ ಪದವಿಯ ಬೋಧನಾ ಶುಲ್ಕಕ್ಕೆ ಜಿಎಸ್‌ಟಿ ವಿನಾಯಿತಿ ಇದೆ. ‘ಕೋರ್ಸ್ ಶುಲ್ಕ’ ಎಂದು ಬರೆದು ಶೇ. 18ರ ತೆರಿಗೆ ಸೇರಿಸಿದ್ದರೆ, ಹಣ ಹೋದದ್ದು ಪದವಿಗೋ, ಮಧ್ಯವರ್ತಿಯ ಸೇವೆಗೋ ಎಂದು ಆ ಕ್ಷಣವೇ ಕೇಳತಕ್ಕದ್ದು. ಒಂದೇ ವರ್ಷದಲ್ಲಿ ಪದವಿ, ಹಿಂದಿನ ದಿನಾಂಕದ ಅಂಕಪಟ್ಟಿ ಎನ್ನುವವರೊಡನೆ ಮಾತು ಬೆಳೆಸುವ ಅಗತ್ಯವೇ ಇಲ್ಲ.

ವಾಣಿಜ್ಯ ಪದವೀಧರರು ಶೇ. 55 ಅಂಕ ಗಳಿಸಿದ್ದರೆ ಸಿ.ಎ. ಇಂಟರ್‌ಮೀಡಿಯೆಟ್‌ಗೆ ನೇರ ಪ್ರವೇಶ ಪಡೆಯಬಹುದು. ಪದವಿಗೆ ಮಾನ್ಯತೆ ಇಲ್ಲವಾದರೆ ಈ ದಾರಿಯೂ ಮುಚ್ಚುತ್ತದೆ. ಗುಮಾಸ್ತರನ್ನು, ಲೆಕ್ಕಿಗರನ್ನು ನೇಮಿಸಿಕೊಳ್ಳುವ ಸದಸ್ಯರು ಅಂಕಪಟ್ಟಿಯಲ್ಲಿ ಸಂಸ್ಥೆಯ ಹೆಸರಿನೊಂದಿಗೆ ಪ್ರವೇಶದ ವರ್ಷವನ್ನೂ ತಾಳೆ ನೋಡುವುದು ಒಳಿತು. ಪ್ರವೇಶ ಪಡೆಯುವವರು ಬ್ಯೂರೋ ಪಟ್ಟಿಯ ಪುಟವನ್ನು ದಿನಾಂಕ ಸಹಿತ ಮುದ್ರಿಸಿ, ಶುಲ್ಕದ ರಸೀದಿಯೊಡನೆ ಒಂದೇ ಕಡತದಲ್ಲಿ ಇರಿಸಿಕೊಳ್ಳತಕ್ಕದ್ದು.