ಮದ್ಯದ ಬೆಲೆಯೂ ಅಂಗಡಿಯ ಗಣಕಯಂತ್ರವೂ

ಸ್ಕಾಟ್ಲೆಂಡಿನಲ್ಲಿ ಮದ್ಯಕ್ಕೆ ಕನಿಷ್ಠ ಬೆಲೆಯ ಕಾನೂನು 2018ರ ಮೇ 1ರಿಂದ ಜಾರಿಯಲ್ಲಿದೆ. 10 ಮಿಲಿಲೀಟರು ಶುದ್ಧ ಮದ್ಯಸಾರವೇ ಒಂದು ಯೂನಿಟ್. ಅದಕ್ಕೆ 50 ಪೆನ್ಸ್ ಇದ್ದ ಮಿತಿಯು 2024ರ ಸೆಪ್ಟೆಂಬರ್ 30ರಂದು 65ಕ್ಕೇರಿತು. ಸೀಸೆಯ ಬಾರ್‌ಕೋಡಿನಲ್ಲಿರುವುದು ಸರಕಿನ ಸಂಖ್ಯೆ ಮಾತ್ರ. ಬೆಲೆಯಿರುವುದು ಅಂಗಡಿಯ ಗಣಕಯಂತ್ರದ ಪಟ್ಟಿಯಲ್ಲಿ. ಹಾಗಾದರೆ ಹಳೆಯ ಬೆಲೆಗಳನ್ನೆಲ್ಲ 1.3ರಿಂದ ಗುಣಿಸಿದರಾಯಿತೇ? ಆಗದು; ಮೊದಲೇ ಮಿತಿಗಿಂತ ಮೇಲಿರುವ ಬೆಲೆಯನ್ನು ಕಾನೂನು ಮುಟ್ಟುವುದಿಲ್ಲ. ಆದುದರಿಂದ ಪ್ರತಿಯೊಂದು ಸೀಸೆಗೂ ಲೀಟರುಗಳನ್ನು ಮದ್ಯಸಾರದ ಶೇಕಡಾಂಶದಿಂದ ಗುಣಿಸಿ ಯೂನಿಟ್ಟುಗಳನ್ನು ಕಂಡುಕೊಳ್ಳಬೇಕು. ಶೇಕಡಾ 40ರ 0.7 ಲೀಟರು ವಿಸ್ಕಿಯಲ್ಲಿ 28 ಯೂನಿಟ್. ಮಿತಿ 18 ಪೌಂಡು 20 ಪೆನ್ಸ್. ಶೇಕಡಾ 4.5ರ ಅರ್ಧ ಲೀಟರು ಬಿಯರಿಗಾದರೋ 146.25 ಪೆನ್ಸ್! ಕಾಲು ಪೆನ್ನಿಯ ನಾಣ್ಯವಿಲ್ಲ. ನಾವು ತರಗತಿಯಲ್ಲಿ ಕಲಿಸುವಂತೆ ಸಮೀಪದ ಪೂರ್ಣಾಂಕಕ್ಕೆ ತಂದರೆ 146. ಅಷ್ಟಕ್ಕೆ ಮಾರಿದ ವರ್ತಕನು ಕಾನೂನನ್ನು ಮೀರಿದಂತೆಯೇ, ಪರವಾನಗಿಗೇ ಕುತ್ತು. ಇಲ್ಲಿ ಗಣಕಯಂತ್ರಕ್ಕೆ 147 ಎಂದೇ ಹೇಳಿಕೊಡಬೇಕು.